ಕುಡಿತದ ಒಲವು ಹುಟ್ಟಿನಿಂದಲೇ ಬರುತ್ತದೆಯೇ?

ಪ್ರಶ್ನೆ: ಅಪ್ಪ ಕುಡಿಯುತ್ತಿದ್ದರೆ ಮಗನಿಗೂ ಅದು ರಕ್ತದಲ್ಲೇ ಬರುತ್ತದೆ ಎಂದು ನಮ್ಮ ಗೌರಿಬಿದನೂರು ಕಡೆ ಹೇಳುತ್ತಾರೆ. ಇಲಿಗಳ ಮೇಲಿನ ಪ್ರಯೋಗಗಳಿಂದ ಇದು ಸಾಬೀತಾಗಿದೆಯೇ?

ಉತ್ತರ: ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಹೆಚ್ಚಾಗಿ ತಮ್ಮ ಮನೆಯ ಮಕ್ಕಳ ಬಗೆಗಿನ ಆತಂಕದಿಂದಲೇ ಇದನ್ನು ಕೇಳುತ್ತಾರೆ. ಪ್ರಯೋಗಗಳು ತೋರಿಸಿರುವುದು ಆ ಮಾತಿನ ಅರ್ಧವನ್ನು ಮಾತ್ರ.

1959ರಲ್ಲಿ ಮೆಕ್ಲರ್ನ್ ಮತ್ತು ರಾಜರ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಬೇರೆ ಬೇರೆ ತಳಿಗಳ ಸಣ್ಣ ಇಲಿಗಳ ಮುಂದೆ ಎರಡು ಬಾಟಲಿಗಳನ್ನಿಟ್ಟರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಶೇ. 10ರಷ್ಟು ಮದ್ಯಸಾರ ಬೆರೆತ ನೀರು. ಸಿ57 ಬ್ಲ್ಯಾಕ್ ತಳಿಯವು ಮದ್ಯವನ್ನು ಧಾರಾಳವಾಗಿ ಕುಡಿದವು. ಡಿಬಿಎ ತಳಿಯವು ಅದನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಗೂಡು, ಆಹಾರ, ಆರೈಕೆ ಎಲ್ಲವೂ ಒಂದೇ ಆಗಿದ್ದುದರಿಂದ ಈ ವ್ಯತ್ಯಾಸಕ್ಕೆ ವಂಶವಾಹಿಗಳೇ ಕಾರಣವೆಂದು ಹೇಳಲು ಸಾಧ್ಯವಾಯಿತು. 1999ರಲ್ಲಿ ಮೂರು ಊರುಗಳ ಪ್ರಯೋಗಾಲಯಗಳಲ್ಲಿ ಒಂದೇ ತಳಿಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ, ಭಯವನ್ನು ಅಳೆಯುವಂಥ ಕೆಲವು ಪರೀಕ್ಷೆಗಳ ಫಲಿತಾಂಶ ಊರಿಂದೂರಿಗೆ ಬದಲಾದರೂ ಮದ್ಯದ ಒಲವಿನಲ್ಲಿ ತಳಿಗಳ ನಡುವಿನ ಅಂತರ ಹಾಗೆಯೇ ಉಳಿಯಿತು.

ಆದರೆ ಕುಡಿಯದ ತಳಿಯ ಮಿದುಳಿಗೆ ಮದ್ಯವೇ ರುಚಿಸುವುದಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಸಂಶೋಧನೆಯಲ್ಲಿ ಅತ್ಯಂತ ಮುಖ್ಯವಾದ ಸಂಗತಿಯಿದು: ಡಿಬಿಎ ಇಲಿಗಳಿಗೆ ಮದ್ಯವನ್ನು ಬಾಯಿಯ ಬದಲು ಚುಚ್ಚುಮದ್ದಿನ ಮೂಲಕ ಕೊಟ್ಟು, ಪ್ರತಿ ಬಾರಿಯೂ ಒಂದು ನಿರ್ದಿಷ್ಟ ಬಗೆಯ ನೆಲದ ಮೇಲೆ ಬಿಟ್ಟರೆ, ಮುಂದೆ ಅವು ಆ ನೆಲವನ್ನೇ ಹುಡುಕಿಕೊಂಡು ಹೋಗುತ್ತವೆ, ಅದೂ ಸಿ57 ಇಲಿಗಳಿಗಿಂತ ಬಲವಾಗಿ. ಅಂದರೆ ಅವು ಮದ್ಯದಿಂದ ದೂರವಿರುವುದಕ್ಕೆ ರುಚಿ ಮತ್ತು ವಾಸನೆ ಬಹುಮಟ್ಟಿಗೆ ಕಾರಣ. ಅದರ ಪರಿಣಾಮ ಅವುಗಳಿಗೂ ಹಿತವೇ.

ಹಿಂದಿನ ಅನುಭವ ಕೆಲಸ ಮಾಡುವುದು ಇಲ್ಲಿ. ಮೊದಲು ಸಕ್ಕರೆ ನೀರಿನಲ್ಲಿ ಮದ್ಯ ಬೆರೆಸಿ, ಬರಬರುತ್ತಾ ಸಕ್ಕರೆಯನ್ನು ಇಳಿಸುತ್ತಾ ಹೋದರೆ, ಮುಂಚೆ ಮದ್ಯವನ್ನು ಒಲ್ಲದ ದೊಡ್ಡ ಜಾತಿಯ ಇಲಿಗಳೂ ಕೊನೆಗೆ ಸಕ್ಕರೆಯಿಲ್ಲದ ಮದ್ಯವನ್ನು ಕುಡಿಯುತ್ತವೆ. ದಿನ ಬಿಟ್ಟು ದಿನ ಮದ್ಯ ಕೊಟ್ಟರೆ, ಸದಾ ಸಿಗುವಾಗ ಕುಡಿಯುವುದಕ್ಕಿಂತ ಹೆಚ್ಚು ಕುಡಿಯಲು ಕಲಿಯುತ್ತವೆ. ಗರ್ಭಾವಸ್ಥೆಯ ಕೊನೆಯ ದಿನಗಳಲ್ಲಿ ತಾಯಿಗೆ ಮದ್ಯ ಕೊಟ್ಟಿದ್ದರೆ, ಮರಿಗಳು ಹುಟ್ಟಿದ ಮೇಲೆ ಅದರ ವಾಸನೆ ಮತ್ತು ರುಚಿಯನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಈ ಕೊನೆಯದು ವಂಶವಾಹಿಯಿಂದ ಬಂದದ್ದಲ್ಲ, ಗರ್ಭದಲ್ಲೇ ಕಲಿತದ್ದು. ಹೊರಗಿನಿಂದ ನೋಡುವವರಿಗೆ ಮಾತ್ರ ಅದೂ ರಕ್ತದಲ್ಲಿ ಬಂದಂತೆಯೇ ಕಾಣುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಬರುವುದಾದರೆ, ಸಿ57, ಡಿಬಿಎಯಂಥ ಒಂದು ತಳಿಯ ಇಲಿಗಳೆಲ್ಲ ತದ್ರೂಪಿ ಅವಳಿಗಳಂತೆ ಒಂದೇ ವಂಶವಾಹಿಗಳನ್ನು ಹೊಂದಿರುತ್ತವೆ. ಮಗನಿಗಾದರೋ ಅಪ್ಪನಿಂದ ಅರ್ಧ ಮಾತ್ರ ಬರುತ್ತದೆ. ಮನುಷ್ಯರಲ್ಲಿ ನಡೆದ ಅವಳಿಗಳ ಅಧ್ಯಯನಗಳ ಪ್ರಕಾರ ಮದ್ಯವ್ಯಸನಕ್ಕೆ ಗುರಿಯಾಗುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗಕ್ಕೆ ವಂಶವಾಹಿಗಳು ಕಾರಣ, ಅದೂ ಯಾವುದೋ ಒಂದು ವಂಶವಾಹಿಯಲ್ಲ, ಸ್ವಲ್ಪಸ್ವಲ್ಪವೇ ಪ್ರಭಾವ ಬೀರುವ ಅನೇಕ ವಂಶವಾಹಿಗಳು. ಹಾಗಾಗಿ ಕುಡಿಯುವ ಅಪ್ಪನ ಮಗನಿಗೆ ಅಪಾಯ ಹೆಚ್ಚೆಂಬುದು ನಿಜ, ಆದರೆ ಅವನು ಕುಡಿಯಲೇಬೇಕೆಂದು ಯಾವ ಇಲಿಯ ಪ್ರಯೋಗವೂ ಹೇಳಿಲ್ಲ.