‘ಒಂದು ತಿಂಗಳು ಅಳೆದಿದ್ದೇವೆ ಸರ್’

ಬಳ್ಳಾರಿಯ ನನ್ನ ಮನೆಗೆ ವಿಮಾನದೊಳಗಿನ ದತ್ತಾಂಶ ಜಾಲಗಳ ವಿಳಂಬದ ವರದಿ ಹಿಡಿದು ಬರುವ ಎಂಜಿನಿಯರುಗಳು ಹೇಳುವ ಮಾತು ಒಂದೇ: “ಒಂದು ತಿಂಗಳು ಅಳೆದಿದ್ದೇವೆ ಸರ್. ಅತಿ ಹೆಚ್ಚು ವಿಳಂಬ 400 ಮೈಕ್ರೋಸೆಕೆಂಡ್. ಸುರಕ್ಷತೆಗೆ ಅದರ ದುಪ್ಪಟ್ಟು ಹಿಡಿದಿದ್ದೇವೆ.” ದುಪ್ಪಟ್ಟೇ ಏಕೆ ಎಂದು ಕೇಳಿದರೆ ಮೌನ.

ಏರ್‌ಬಸ್ ಎ380 ವಿಮಾನದ ಉಪಕರಣಗಳ ನಡುವೆ ದತ್ತಾಂಶ ಸಾಗಿಸುವ ಎಎಫ್‌ಡಿಎಕ್ಸ್ ಜಾಲದಲ್ಲಿ ಪ್ರತಿ ವರ್ಚುವಲ್ ಲಿಂಕಿಗೂ (ಒಂದು ಉಪಕರಣದಿಂದ ಹೊರಡುವ ದತ್ತಾಂಶಕ್ಕೆ ಗೊತ್ತುಮಾಡಿದ ದಾರಿ) 1ರಿಂದ 128 ಮಿಲಿಸೆಕೆಂಡಿನೊಳಗೆ ಒಂದು ಅಂತರ ಗೊತ್ತುಮಾಡಿರುತ್ತಾರೆ. ಅದು ಕಳೆಯದೆ ಆ ಲಿಂಕಿನ ಮುಂದಿನ ಫ್ರೇಮ್, ಅಂದರೆ ದತ್ತಾಂಶದ ಕಂತೆ, ಹೊರಡುವಂತಿಲ್ಲ. ಆದರೆ ಒಂದು ಉಪಕರಣದ ಗಡಿಯಾರ ಇನ್ನೊಂದಕ್ಕೆ ತಿಳಿಯದು. ತೊಡಕೆಲ್ಲ ಇಲ್ಲೇ.

ಕಾರಟಗಿಯಲ್ಲಿ ನನ್ನ ಸೋದರಮಾವ ಅಕ್ಕಿ ಗಿರಣಿಯ ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದರು. ಯಾವ ಲಾರಿ ಎಷ್ಟು ಹೊತ್ತು ಕಾಯಿತೆಂದು ಬರೆದಿಡುವ ಅಭ್ಯಾಸ ಅವರದು. ಸುಗ್ಗಿಯುದ್ದಕ್ಕೂ ಯಾರೂ ಅರ್ಧ ಗಂಟೆ ಮೀರಿ ಕಾದಿರಲಿಲ್ಲ. ಒಂದು ಬೆಳಿಗ್ಗೆ ಸಿಂಧನೂರು, ಗಂಗಾವತಿ, ನವಲಿ ಕಡೆಯ ಭತ್ತದ ಲಾರಿಗಳು ಒಟ್ಟಿಗೇ ಬಂದು ನಿಂತವು. ಯಾರೂ ತಪ್ಪು ಮಾಡಿರಲಿಲ್ಲ, ಎಂದಿಗಿಂತ ಹೆಚ್ಚು ಲಾರಿಗಳೂ ಬಂದಿರಲಿಲ್ಲ. ಆದರೂ ಕೊನೆಯ ಲಾರಿಯ ಸರದಿ ಬರುವಾಗ ಮಧ್ಯಾಹ್ನವಾಗಿತ್ತು.

ಫ್ರೇಮುಗಳನ್ನು ಅವುಗಳ ದಾರಿಗೆ ಕಳಿಸುವ ಸ್ವಿಚ್ಚಿನಲ್ಲೂ ಇದೇ ನಡೆಯುತ್ತದೆ. 1518 ಬೈಟಿನ ಫ್ರೇಮ್ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ತಂತಿಗೆ ಇಳಿಯಲು, ಮುಂಚೂಣಿ ಬಿಟ್‌ಗಳು ಮತ್ತು ನಡುವಿನ ಬಿಡುವು ಸೇರಿ, ಸುಮಾರು 123 ಮೈಕ್ರೋಸೆಕೆಂಡ್ ಬೇಕು. ಹತ್ತು ಕಡೆಯಿಂದ ಅಂಥ ಹತ್ತು ಫ್ರೇಮುಗಳು ಒಂದೇ ಕ್ಷಣದಲ್ಲಿ ಒಂದೇ ಹೊರದಾರಿಗೆ ಬಂದರೆ ಕೊನೆಯದು ಒಂಬತ್ತು ಸರದಿ ಕಾಯಬೇಕು, ಅಂದರೆ 1107 ಮೈಕ್ರೋಸೆಕೆಂಡ್. ನಿಮ್ಮ ದುಪ್ಪಟ್ಟು 800 ಒಂದೇ ಸ್ವಿಚ್ಚಿನಲ್ಲಿ ಮುಗಿದುಹೋಯಿತು.

ಹಾಗಾದರೆ ತಿಂಗಳಿಡೀ ಅದು ಏಕೆ ಕಾಣಲಿಲ್ಲ? ಪರೀಕ್ಷೆಯಲ್ಲಿ ಎಲ್ಲ ಉಪಕರಣಗಳ ಪಾತ್ರವನ್ನೂ ಒಂದೇ ಕಂಪ್ಯೂಟರು, ಒಂದೇ ಗಡಿಯಾರದಲ್ಲಿ ವಹಿಸಿದರೆ ಫ್ರೇಮುಗಳ ಹೊಂದಾಣಿಕೆ ಬದಲಾಗುವುದೇ ಇಲ್ಲ. ಅದೇ ಕೆಲವು ಕ್ಷಣಗಳನ್ನು ನೀವು ಮೂವತ್ತು ದಿನ ಮತ್ತೆ ಮತ್ತೆ ನೋಡಿದ್ದೀರಿ. ವಿಮಾನದಲ್ಲಿ ಗಡಿಯಾರಗಳು ಒಂದಕ್ಕೊಂದು ಮೆಲ್ಲಗೆ ಜಾರುತ್ತಿರುತ್ತವೆ. ಇಂದು ಒಟ್ಟಿಗೆ ಬಾರದ ಫ್ರೇಮುಗಳು ಮುಂದೊಂದು ಹಾರಾಟದಲ್ಲಿ ಒಟ್ಟಿಗೆ ಬರಬಹುದು.

ಒಂದು ಎಚ್ಚರಿಕೆ. ಅಳೆಯುವ ಬದಲು ವಿಳಂಬವನ್ನು ಲೆಕ್ಕ ಹಾಕುವ ಗಣಿತವಾದ ನೆಟ್‌ವರ್ಕ್ ಕ್ಯಾಲ್ಕುಲಸ್ ಕೊಡುವುದು ಮೇಲ್ಮಿತಿಯನ್ನು. ನಿಜವಾದ ವಿಳಂಬ ಅದನ್ನು ದಾಟದು, ಮುಟ್ಟದೆಯೂ ಇರಬಹುದು. ಪ್ರತಿ ಲಿಂಕೂ ತನ್ನ ಅಂತರ ಮತ್ತು ಗಾತ್ರಕ್ಕೆ ಬದ್ಧವಾಗಿರುವವರೆಗೆ ಮಾತ್ರ ಆ ಭರವಸೆ. ಒಂದೇ ಒಳದಾರಿಯಿಂದ ಬರುವ ಫ್ರೇಮುಗಳು ಏಕಕಾಲಕ್ಕೆ ಬರಲಾರವು ಎಂಬುದನ್ನು ಲೆಕ್ಕಕ್ಕೆ ಸೇರಿಸಿದರೆ ಮಿತಿ ಇನ್ನಷ್ಟು ಬಿಗಿಯಾಗುತ್ತದೆ.

ರಾಯಚೂರಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ ವಾದಿಸದೆ ಹೋದಳು. ತನ್ನ ಸಿಮ್ಯುಲೇಷನ್ನಿನಲ್ಲಿ ಪ್ರತಿ ಉಪಕರಣದ ಆರಂಭದ ಸಮಯವನ್ನು ಬೇರೆ ಬೇರೆ ಮಾಡಿ ನೋಡಿದಳು. ತಿಂಗಳ ಗರಿಷ್ಠ ಮೊದಲ ಸಂಜೆಯೇ ಮುರಿಯಿತು. ಫೋನಿನಲ್ಲಿ ಅವಳ ದನಿ ಕೇಳಿ ನನಗೆ ಬಹಳ ಸಂತೋಷವಾಯಿತು. ಈಗ ಕಾಗದದ ಮೇಲೆ ಮೇಲ್ಮಿತಿ ಬಿಡಿಸುತ್ತಿದ್ದಾಳೆ. ಎರಡು ಸ್ವಿಚ್ಚು ಮುಗಿದಿವೆ, ಮೂರನೆಯದು ಬಾಕಿ ಇದೆ.