ಡಂಪ್ ಬಾಯಿಪಾಠ ಮಾಡಿದರೆ ಎ ಪ್ಲಸ್ ಆಗುತ್ತದೆಯೇ?

ಪ್ರಶ್ನೆ: ಕಾಂಪ್‌ಟಿಯಾ ಎ ಪ್ಲಸ್ (ಕಂಪ್ಯೂಟರ್ ರಿಪೇರಿ, ಸಪೋರ್ಟ್ ಕೆಲಸದ ಸರ್ಟಿಫಿಕೇಟ್) ಮುಗಿಸಿ ವೈರ್‌ಲೆಸ್ ಕಡೆ ಹೋಗಬೇಕೆಂದಿದ್ದೇನೆ. ಡಂಪ್ (ಪರೀಕ್ಷೆಯಿಂದ ಸೋರಿಬಂದ ಪ್ರಶ್ನೋತ್ತರ) ಓದಿಕೊಂಡರೆ ಸಾಕಂತೆ, ನಿಜವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪರೀಕ್ಷೆಯ ವಿವರ ಮೊದಲು ಮುಗಿಸಿಬಿಡೋಣ. ಎ ಪ್ಲಸ್‌ಗೆ ಕೋರ್ 1, ಕೋರ್ 2 ಎಂಬ ಎರಡು ಪರೀಕ್ಷೆಗಳನ್ನೂ ಪಾಸಾಗಬೇಕು. ತಲಾ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಅಳತೆಯಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. ಡಿಗ್ರಿ ಕೇಳುವುದಿಲ್ಲ. ವೈರ್‌ಲೆಸ್‌ಗೆ ಸಿಡಬ್ಲ್ಯೂಎನ್‌ಎ ಎಂಬ ವೈಫೈ ಸರ್ಟಿಫಿಕೇಟ್ ಒಳ್ಳೆಯದು. ಎ ಪ್ಲಸ್, ಸಿಡಬ್ಲ್ಯೂಎನ್‌ಎ ಎರಡೂ ಸರ್ಟಿಫಿಕೇಟು 3 ವರ್ಷ ಚಾಲ್ತಿಯಲ್ಲಿರುತ್ತವೆ.

ಈಗ ಡಂಪ್ ವಿಚಾರ. ದಯವಿಟ್ಟು ಬಿಡಿ. ಅದು ಕದ್ದ ಪ್ರಶ್ನೆಗಳ ಕಂತೆ. ಉತ್ತರಗಳಲ್ಲಿ ತಪ್ಪೂ ಧಾರಾಳ. ಸಿಕ್ಕಿಬಿದ್ದರೆ ಬಂದ ಸರ್ಟಿಫಿಕೇಟೂ ರದ್ದಾಗಬಹುದು. ಮೇಲಾಗಿ ಎ ಪ್ಲಸ್‌ನಲ್ಲಿ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಷ್ಟೇ ಇರುವುದಿಲ್ಲ, ಪರದೆಯ ಮೇಲೆ ಮಾಡಿ ತೋರಿಸಬೇಕಾದವೂ ಬರುತ್ತವೆ.

ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ಡಂಪ್ ಅರೆದು ಕುಡಿದಿದ್ದ. ನೆಟ್ ಬರದ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅದರ ಐಪಿ ವಿಳಾಸ 169.254ರಿಂದ ಶುರುವಾಗಿತ್ತು. 'ಎಪಿಪಾ, ಸರ್' ಅಂದ. ನೆಟ್‌ವರ್ಕಿನಿಂದ ವಿಳಾಸ ಸಿಗದಾಗ ಕಂಪ್ಯೂಟರ್ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸಕ್ಕೆ ಆ ಹೆಸರು; ಸರಿಯಾದ ಉತ್ತರವೇ. ಮುಂದೇನು ಅಂದರೆ ಮಾತಿಲ್ಲ. ಆ ವಿಳಾಸ ಬಂದಿದೆ ಎಂದರೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಉತ್ತರ ಸಿಕ್ಕಿಲ್ಲ ಎಂದರ್ಥ. ಪಕ್ಕದ ಕಂಪ್ಯೂಟರಿಗೂ ಹೀಗೇ ಆಗಿದೆಯೇ ನೋಡಬೇಕು. ಆಗಿದ್ದರೆ ಸರ್ವರ್, ಸ್ವಿಚ್ ಕಡೆ ಹೋಗಿ. ಇದೊಂದಕ್ಕೇ ಆದರೆ ಕೇಬಲ್, ಪೋರ್ಟ್ ನೋಡಿ. ಅವತ್ತು ಕೇಬಲ್ಲಿನ ತುದಿಯ ಕ್ಲಿಪ್ ಮುರಿದು ಪ್ಲಗ್ ಸಡಿಲವಾಗಿತ್ತು. ಡಂಪ್ ಬದಿಗಿಟ್ಟು ಒಂದು ತಿಂಗಳು ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಮೇಲೆ ಅದೇ ಹುಡುಗ ನಾನು ಬಾಯಿ ತೆಗೆಯುವ ಮೊದಲೇ ಕೇಬಲ್ ಮುಟ್ಟಿ ನೋಡುತ್ತಿದ್ದ. ಅವನು ಪಾಸಾದದ್ದಕ್ಕಿಂತ ನನಗೆ ಅದೇ ಹೆಚ್ಚು ಹೆಮ್ಮೆ.

ವೈರ್‌ಲೆಸ್‌ನಲ್ಲೂ ಅಷ್ಟೇ, ಲೆಕ್ಕ ಕೈಗೆ ಹತ್ತಬೇಕು. ಸಿಗ್ನಲ್ ಎಷ್ಟು ಏರಿತು, ಇಳಿಯಿತು ಎಂದು ಅಳೆಯುವುದು ಡಿಬಿಯಲ್ಲಿ (ಡೆಸಿಬೆಲ್). 3 ಡಿಬಿ ಕಳೆದರೆ ಶಕ್ತಿ ಅರ್ಧ, 10 ಡಿಬಿ ಕೂಡಿದರೆ ಹತ್ತು ಪಟ್ಟು. ರೇಡಿಯೋ 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್ ಕೊಡುತ್ತದೆ ಎನ್ನಿ. ಕೇಬಲ್ಲಿನಲ್ಲಿ 3 ಡಿಬಿ ಹೋಯಿತು, ಉಳಿದದ್ದು 50 ಮಿಲಿವ್ಯಾಟ್. ಆಂಟೆನಾ 10 ಡಿಬಿ ಕೂಡಿತು, 500 ಮಿಲಿವ್ಯಾಟ್ ಆಯಿತು.

ಕರೆಂಟೇ ಇಲ್ಲದ ಆಂಟೆನಾ ಶಕ್ತಿಯನ್ನು ಎಲ್ಲಿಂದ ತಂದಿತು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಅದು ಏನನ್ನೂ ತರಲಿಲ್ಲ. ದೂರದವರನ್ನು ಕೂಗುವಾಗ ಬಾಯಿಯ ಸುತ್ತ ಕೈ ಹಿಡಿಯುತ್ತೇವಲ್ಲ, ಹಾಗೆ ಇದ್ದದ್ದನ್ನೇ ಒಂದು ಕಡೆಗೆ ತಿರುಗಿಸಿತು. ಆ ಕಡೆ ಕೂತವರಿಗೆ ಸಿಗ್ನಲ್ ಹೆಚ್ಚಿತು, ಬೆನ್ನ ಹಿಂದೆ ಕೂತವರಿಗೆ ತಗ್ಗಿತು.