ಈ ವರ್ಸ್ ಯಾರ ಬಾಯಲ್ಲಿ? ಕೆಂಡ್ರಿಕ್ ಲಮಾರ್ ಕಥೆ ಕಟ್ಟುವ ಬಗೆ

ರ‍್ಯಾಪ್ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಪ್ರಾಸ ಹುಡುಕುತ್ತಾರೆ. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಮೊದಲು ಹುಡುಕುವುದು ಮಾತಾಡುವವರನ್ನು ಅಂತ ನನಗೆ ಕೇಳಿದಷ್ಟೂ ಅನಿಸುತ್ತದೆ. ಈ ವರ್ಸ್ (ಹಾಡಿನ ಒಂದು ಚರಣ) ಯಾರ ಬಾಯಿಂದ ಬರುತ್ತಿದೆ, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ತೀರ್ಮಾನವಾದ ಮೇಲೆಯೇ ಉಳಿದದ್ದೆಲ್ಲ. ಕೊಡಗಿನ ವಿರಾಜಪೇಟೆ, ಗೋಣಿಕೊಪ್ಪದ ಕಡೆ ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಬರೆಯಲು ಕೈಹಾಕಿರುವ ಗೆಳೆಯರು ಒಟ್ಟಿಗೆ ಕೂತು ಕೇಳುವಾಗ ಉಪಯೋಗಕ್ಕೆ ಬರಲಿ ಅಂತ ಈ ಟಿಪ್ಪಣಿ. ಅಭಿಮಾನಿಯ ಪಕ್ಷಪಾತ ಇದರಲ್ಲಿ ಇದ್ದೇ ಇದೆ, ಅದನ್ನು ಕಳೆದು ಓದಿಕೊಳ್ಳಿ.

ಹಿನ್ನೆಲೆ ಹೆಚ್ಚು ಬೇಡ. ಹುಟ್ಟಿದ್ದು 1987ರಲ್ಲಿ, ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ. ಅಪ್ಪ ಅಮ್ಮ ಷಿಕಾಗೋ ಬಿಟ್ಟು ಅಲ್ಲಿಗೆ ಬಂದವರು. 2017ರ ‘ಡ್ಯಾಮ್’ ಆಲ್ಬಂಗೆ ಮರುವರ್ಷ ಸಂಗೀತದ ಪುಲಿಟ್ಜರ್ ಬಂತು. ಶಾಸ್ತ್ರೀಯ ಸಂಗೀತ ಮತ್ತು ಜಾಝ್‌ನಿಂದ ಹೊರಗಿನವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಪ್ರಶಸ್ತಿಯ ಮಾತು ಇಲ್ಲಿಗೆ ಸಾಕು.

ಮೊದಲು ಕೇಳಬೇಕಾದದ್ದು 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’. ಇದೊಂದು ಕಿರುಚಿತ್ರ ಅಂತ ಅದರ ಮುಖಪುಟದಲ್ಲೇ ಬರೆದಿದೆ. ಹದಿನೇಳರ ಹುಡುಗ ಅಮ್ಮನ ವ್ಯಾನ್ ತಗೊಂಡು ಒಬ್ಬ ಹುಡುಗಿಯನ್ನು ನೋಡಲು ಹೋಗುತ್ತಾನೆ, ಅಲ್ಲಿಂದ ಕಥೆ ಹಿಂದೆ ಮುಂದೆ ಓಡಾಡುತ್ತದೆ. ಹಾಡುಗಳ ನಡುವೆ ಫೋನಿನಲ್ಲಿ ಬಿಟ್ಟ ಸಂದೇಶಗಳು. ಅಮ್ಮನಿಗೆ ವ್ಯಾನ್ ವಾಪಸ್ ಬೇಕು, ಅಪ್ಪನಿಗೆ ತನ್ನ ಡಾಮಿನೋಸ್ ಆಟದ ಬಿಲ್ಲೆಗಳ ಚಿಂತೆ. ಮನೆಯಲ್ಲಿ ಬಡತನ ಇದೆ, ಪ್ರೀತಿ ಇದೆ ಅಂತ ಯಾರೂ ವಿವರಿಸುವುದಿಲ್ಲ. ಆ ಎರಡು ದನಿ ಕೇಳಿದರೆ ಮನೆಯೇ ಕಣ್ಣಿಗೆ ಬರುತ್ತದೆ. ಆಲ್ಬಂ ಶುರುವಾಗುವುದು ಹುಡುಗರ ಪ್ರಾರ್ಥನೆಯಿಂದ. ಯಾಕೆ ಪ್ರಾರ್ಥಿಸುತ್ತಿದ್ದಾರೆ, ಹೇಳಿಸುತ್ತಿರುವವರು ಯಾರು ಅಂತ ತಿಳಿಯುವುದು ಹತ್ತನೇ ಹಾಡಿನ ಕೊನೆಗೆ. ಅಲ್ಲಿ ಕೇಳುವ ಹಿರಿಯ ಹೆಂಗಸಿನ ದನಿ ಕವಯಿತ್ರಿ ಮಾಯಾ ಏಂಜೆಲೋ ಅವರದು.

ಆ ಹತ್ತನೇ ಹಾಡಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ‘ಸಿಂಗ್ ಅಬೌಟ್ ಮಿ, ಐಯಾಮ್ ಡೈಯಿಂಗ್ ಆಫ್ ಥರ್ಸ್ಟ್’, ಹನ್ನೆರಡು ನಿಮಿಷಕ್ಕೂ ಮೇಲಿದೆ. ಮೊದಲ ವರ್ಸ್‌ನಲ್ಲಿ ಮಾತಾಡುವವನು ಗುಂಡೇಟಿಗೆ ತಮ್ಮನನ್ನು ಕಳಕೊಂಡ ಗೆಳೆಯ. ಸಾಯುವ ಹೊತ್ತಲ್ಲಿ ತಮ್ಮನ ಜೊತೆ ಇದ್ದೆಯಲ್ಲ ಅಂತ ಕೆಂಡ್ರಿಕ್‌ನನ್ನು ನೆನೆಯುತ್ತಾನೆ. ನಿನ್ನ ಆಲ್ಬಂ ಹೊರಬರುವ ಮೊದಲೇ ನಾನು ಸತ್ತರೆ ಎಂದು ಏನನ್ನೋ ಕೇಳಿಕೊಳ್ಳಲು ಹೊರಡುತ್ತಾನೆ. ವಾಕ್ಯ ಅರ್ಧದಲ್ಲಿ ಇರುವಾಗಲೇ ಗುಂಡಿನ ಸದ್ದು, ಮತ್ತೆ ಅವನ ದನಿ ಇಲ್ಲ. ಬೀಟ್ ಮಾತ್ರ ಮುಂದುವರಿಯುತ್ತದೆ. ಅವನು ಸತ್ತ ಅಂತ ಹೇಳುವ ಒಂದೇ ಒಂದು ಸಾಲೂ ಅಲ್ಲಿಲ್ಲ.

ಎರಡನೇ ವರ್ಸ್ ನನಗೆ ಇನ್ನೂ ದೊಡ್ಡದು. 2011ರ ಆಲ್ಬಂನಲ್ಲಿ ಕೆಂಡ್ರಿಕ್ ಮೈ ಮಾರಿಕೊಂಡು ಬದುಕುತ್ತಿದ್ದ ಹುಡುಗಿಯೊಬ್ಬಳ ಕಥೆ ಹಾಡಿದ್ದ. ಇಲ್ಲಿ ಆ ಹುಡುಗಿಯ ತಂಗಿ ಬಂದು ನಿಲ್ಲುತ್ತಾಳೆ. ನನ್ನ ಅಕ್ಕನ ಬದುಕನ್ನು ಊರಿಗೆಲ್ಲ ಹಾಡಲು ನೀನ್ಯಾರು ಅಂತ ಝಾಡಿಸುತ್ತಾಳೆ. ತಾನೂ ಅದೇ ದಾರಿಯಲ್ಲಿ ಇದ್ದಾಳೆ, ಆದರೆ ತನಗೇನೂ ಆಗುವುದಿಲ್ಲ, ತಾನು ಅಳಿದು ಹೋಗುವವಳಲ್ಲ ಅನ್ನುವ ಹಟ. ಅವಳು ಹಾಗೆ ಹೇಳುತ್ತಿರುವಾಗಲೇ ದನಿ ಮೆಲ್ಲ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಮಾತು ನಿಂತಿಲ್ಲ, ನಮಗೆ ಕೇಳಿಸುತ್ತಿಲ್ಲ, ಅಷ್ಟೆ. ಮಿಕ್ಸಿಂಗ್ ಮಾಡುವಾಗ ವಾಲ್ಯೂಮ್ ಗುಂಡಿ ತಿರುಗಿಸಿಯೇ ಕಥೆಯ ತಿರುವು ಕೊಟ್ಟಿದ್ದಾನೆ. ಇದನ್ನು ಕಾಗದದಲ್ಲಿ ಸಾಹಿತ್ಯ ಓದಿ ತಿಳಿಯಲು ಆಗದು, ಕೇಳಲೇಬೇಕು. ಮೂರನೇ ವರ್ಸ್‌ನಲ್ಲಿ ಕೆಂಡ್ರಿಕ್ ತಾನೇ ಮಾತಾಡುತ್ತಾನೆ, ಇಬ್ಬರಿಗೂ ಉತ್ತರ ಕೊಡಲು ನೋಡುತ್ತಾನೆ.

ಆ ತಂಗಿಯ ಸಿಟ್ಟು ಕೊಡಗಿನಲ್ಲಿ ಬರೆಯುವವರಿಗೆ ಚೆನ್ನಾಗಿ ಅರ್ಥವಾಗಬೇಕು. ಇದು ಸಣ್ಣ ಜಿಲ್ಲೆ. ಹಾಡಿನಲ್ಲಿ ಮನೆ ಹೆಸರು ಎತ್ತದಿದ್ದರೂ, ಊರು, ತೋಟ, ಜೀಪಿನ ಬಣ್ಣ ಹೇಳಿದರೆ ಸಂಜೆಯೊಳಗೆ ಇಂಥವರ ಮನೆಯ ಸಂಗತಿ ಅಂತ ಸಂತೆಯಲ್ಲಿ ಮಾತಾಗುತ್ತದೆ. ಕೆಂಡ್ರಿಕ್ ಆ ಆಕ್ಷೇಪಣೆಯನ್ನು ಹಾಡಿನ ಹೊರಗೆ ಬಿಡಲಿಲ್ಲ, ಒಳಗೇ ಕರೆದು ಒಂದು ಪೂರ್ತಿ ವರ್ಸ್ ಬಿಟ್ಟುಕೊಟ್ಟ. ಬೇರೆಯವರ ನೋವು ಹಾಡಿ ಚಪ್ಪಾಳೆ ಗಿಟ್ಟಿಸುವವರು ಬಹಳ ಜನ, ತನ್ನನ್ನೇ ಕಟಕಟೆಗೆ ಹತ್ತಿಸಿಕೊಂಡವರು ಕಡಿಮೆ.

ಎರಡನೇ ಪಾಠ ‘ಡ್ಯಾಮ್’ನ ಕೊನೆಯ ಹಾಡು ‘ಡಕ್‌ವರ್ತ್’. ನೈನ್ತ್ ವಂಡರ್ ಕೊಟ್ಟ ಬೇರೆ ಬೇರೆ ಬೀಟ್‌ಗಳು ಒಂದೇ ಹಾಡಿನಲ್ಲಿ ಒಂದಾದ ಮೇಲೊಂದು ಬರುತ್ತವೆ. ಕಥೆ ಇಬ್ಬರು ಗಂಡಸರದು. ಒಬ್ಬ ಆಂತೊನಿ, ಕೆಎಫ್‌ಸಿ ಅಂಗಡಿ ದರೋಡೆಗೆ ಹೊಂಚು ಹಾಕುತ್ತಿರುವವನು. ಇನ್ನೊಬ್ಬ ಡಕಿ, ಅದೇ ಅಂಗಡಿಯ ಕೌಂಟರಿನಲ್ಲಿ ನಿಂತವನು. ಡಕಿಗೆ ಆಸಾಮಿಯ ಗುರುತು ಇದೆ. ಅವನು ಬಂದಾಗಲೆಲ್ಲ ದುಡ್ಡಿಲ್ಲದೆ ಚಿಕನ್ ಕೊಟ್ಟು, ಮೇಲೆ ಎರಡು ಬಿಸ್ಕತ್ತು ಜಾಸ್ತಿ ಹಾಕುತ್ತಾನೆ. (ಅದು ನಮ್ಮ ಚಹಾದ ಜೊತೆಯ ಬಿಸ್ಕತ್ತಲ್ಲ, ಬನ್ನಿನಂಥ ತಿನಿಸು.) ಅದರಿಂದ ಡಕಿಯ ಜೀವ ಉಳಿಯುತ್ತದೆ. ಇಲ್ಲಿಯವರೆಗೂ ಇದು ಯಾರದೋ ಕಥೆ. ಕೊನೆಯ ಕೆಲವೇ ಸಾಲಿನಲ್ಲಿ ತಿಳಿಯುತ್ತದೆ: ಡಕಿ ಅಂದರೆ ಕೆಂಡ್ರಿಕ್‌ನ ಅಪ್ಪ, ಆಂತೊನಿ ಅಂದರೆ ಮುಂದೆ ಕೆಂಡ್ರಿಕ್‌ನ ಹಾಡುಗಳನ್ನು ಹೊರತಂದ ಕಂಪನಿಯ ಯಜಮಾನ. ಆಮೇಲೆ ಒಂದು ಗುಂಡಿನ ಸದ್ದು, ಟೇಪ್ ಹಿಂದಕ್ಕೆ ಓಡಿದ ಹಾಗೆ ಆಲ್ಬಂ ಉಲ್ಟಾ ತಿರುಗಿ ಮೊದಲ ಹಾಡಿನ ಮೊದಲ ಮಾತಿಗೆ ಬಂದು ನಿಲ್ಲುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಹಾಡುಗಳ ಕ್ರಮವನ್ನೇ ತಿರುಗಿಸಿದ ಇನ್ನೊಂದು ಆವೃತ್ತಿ ಬಂತು.

‘ನಮ್ಮಪ್ಪ’ ಅಂತ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದರೆ ಹಾಡು ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲ ಗೊತ್ತಿದ್ದೂ ಸಂಬಂಧ ಒಂದನ್ನು ಮಾತ್ರ ಹಿಡಿದಿಟ್ಟುಕೊಂಡ. ಬಿಸ್ಕತ್ತಿನ ಲೆಕ್ಕವನ್ನು ಮಾತ್ರ ಬಿಡಲಿಲ್ಲ.

2015ರ ‘ಟು ಪಿಂಪ್ ಎ ಬಟರ್‌ಫ್ಲೈ’ನಲ್ಲಿ ಒಂದು ಕವಿತೆ ಹಾಡಿನಿಂದ ಹಾಡಿಗೆ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಅದನ್ನು ಯಾರಿಗೆ ಓದಿ ಹೇಳುತ್ತಿದ್ದಾನೆ ಎಂಬುದು ನಿಮಗೇ ತಿಳಿಯಲಿ.

ಇನ್ನು ನಮ್ಮ ಕೊಡವರ ಪುಟ್ಟ ಚರ್ಮವಾದ್ಯ ದುಡಿಯ ಕಡೆಗೆ. ಕೊಡವರ ಜನಪದ ಹಾಡು ಬಾಳೋ ಪಾಟ್‌ನಲ್ಲಿ ನಾಲ್ವರು ದುಡಿ ಹಿಡಿದು ಹಾಡುತ್ತಾರೆ, ಇಬ್ಬರು ಹೇಳಿದ್ದನ್ನು ಉಳಿದಿಬ್ಬರು ಮತ್ತೆ ಹೇಳುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಇಂಥ ಹಾಡುಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದ್ದರಿಂದ ನಮಗೆ ಅವು ಓದಲೂ ಸಿಗುತ್ತವೆ. ದುಡಿ ಪಾಟ್ ನಮ್ಮ ರ‍್ಯಾಪ್ ಅಂತ ಹೇಳುವವರ ಮಾತು ನನಗೆ ಒಪ್ಪಿಗೆ ಇಲ್ಲ, ತಾಳಕ್ಕೆ ಕಥೆ ಹೇಳಿದ್ದೆಲ್ಲ ರ‍್ಯಾಪ್ ಆಗದು. ದುಡಿ ಹಿಡಿದವರು ಇಡೀ ನಾಡಿನ ಪರವಾಗಿ, ಕಥೆಯ ಹೊರಗೆ ನಿಂತು ಹಾಡುತ್ತಾರೆ. ಕೆಂಡ್ರಿಕ್ ಒಳಹೊಕ್ಕು ಒಬ್ಬೊಬ್ಬರಾಗುತ್ತಾನೆ. ಆದರೆ ಕಲಿಯಲು ಒಂದಿದೆ. ಹೇಳಿದ್ದನ್ನು ಮತ್ತೆ ಹೇಳುವುದರಿಂದ ಕೇಳುವವರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ರ‍್ಯಾಪ್‌ನಲ್ಲಿ ಆ ಬಿಡುವನ್ನು ಮತ್ತೆ ಮತ್ತೆ ಬರುವ ಪಲ್ಲವಿ, ಅಂದರೆ ಹುಕ್ ಕೊಡಬೇಕು, ಇಲ್ಲವೇ ಬರೆಯುವವರೇ ಕೊಡಬೇಕು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 90 ಬೀಟ್ ಇಟ್ಟುಕೊಂಡರೆ, ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) 4ರಂತೆ 16 ಬಾರ್‌ನ ವರ್ಸ್‌ಗೆ 64 ಬೀಟ್, ಅಂದರೆ ಸುಮಾರು 43 ಸೆಕೆಂಡ್. ಅಷ್ಟರಲ್ಲಿ ಒಬ್ಬ ಮನುಷ್ಯ ಬಂದು ಹೋಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬಂದ, ನಿಂತ, ಹೋದ ಅಂತ ಸಾಲು ಮುಗಿಸುತ್ತಾ ಹೋದರೆ ಪ್ರಾಸ ಪುಕ್ಕಟೆ ಸಿಗುತ್ತದೆ, ಕಿವಿಗೆ ಬೇಗ ಬೇಸರವೂ ಬರುತ್ತದೆ. ಹೆಸರುಪದದಲ್ಲಿ ಸಾಲು ನಿಲ್ಲಿಸಿ, ಕ್ರಿಯಾಪದವನ್ನು ನಡುವೆ ತಳ್ಳಿ. ಇನ್ನೊಂದು ಅನುಕೂಲ: ‘ಬಂದಳು’ ಅಂದರೆ ಹೆಣ್ಣೆಂದು ಗುಟ್ಟು ಒಡೆಯಿತು, ‘ಬಂದೆ’ ಅಂದರೆ ಗಂಡೋ ಹೆಣ್ಣೋ ಕೊನೆಯವರೆಗೂ ಮುಚ್ಚಿಡಬಹುದು. ‘ಡಕ್‌ವರ್ತ್’ನಂಥ ತಿರುವಿಗೆ ಇದು ಒಳ್ಳೆಯ ಉಪಾಯ.

ಅಭ್ಯಾಸಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವನ್ನೇ ತಗೊಳ್ಳಿ: ತೋಟಕ್ಕೆ ಆನೆ ನುಗ್ಗಿದ ಬೆಳಗ್ಗೆ. ಒಂದು ವರ್ಸ್ ತೋಟದ ಲೆಕ್ಕ ಬರೆಯುವ ರೈಟರ್‌ದು, ಅವನಿಗೆ ಮುರಿದ ಕಾಫಿ ಗಿಡಗಳ ಲೆಕ್ಕ ಸಾಹುಕಾರರಿಗೆ ಹೇಳಬೇಕು. ಒಂದು ತೋಟದ ಕೂಲಿಯವರ ಲೈನ್‌ಮನೆಯ ಹುಡುಗಿಯದು, ಶಾಲೆಗೆ ಹೋಗುವ ದಾರಿಯಲ್ಲೇ ಹಸಿ ಲದ್ದಿ ಬಿದ್ದಿದೆ. ಒಂದು ಪಟಾಕಿ ಹಿಡಿದು ಬಂದ ಅರಣ್ಯ ಇಲಾಖೆಯ ತುರ್ತು ತಂಡವಾದ ಆರ್‌ಆರ್‌ಟಿಯವನದು. ಮೂವರಿಗೂ ಬೇರೆ ಬೇರೆ ಸಂಗತಿ ಗೊತ್ತಿರಲಿ. ಆನೆಯನ್ನು ಯಾರೂ ಕಣ್ಣಾರೆ ಕಂಡಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಮುಂದಿನ ಆಲ್ಬಂ ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಊಹೆ ಮಾಡಿ ಪ್ರಯೋಜನ ಇಲ್ಲ. 2017 ಆದ ಮೇಲೆ 2022ರವರೆಗೆ ಕಾಯಿಸಿದ ಮನುಷ್ಯ, 2024ರ ನವೆಂಬರ್ 22ರಂದು ‘ಜಿಎನ್‌ಎಕ್ಸ್’ ಅನ್ನು ಮುನ್ಸೂಚನೆಯೇ ಇಲ್ಲದೆ ಬಿಟ್ಟುಬಿಟ್ಟ. ಅದರಲ್ಲಿನ ‘ರೀಇನ್‌ಕಾರ್ನೇಟೆಡ್’ ಹಾಡಿನಲ್ಲಿ ಹಿಂದಿನ ಜನ್ಮಗಳ ನೆಪದಲ್ಲಿ ಮೊದಲು ಒಬ್ಬ ಗಿಟಾರ್ ವಾದಕ, ಆಮೇಲೆ ಚಟಕ್ಕೆ ಬಿದ್ದ ಗಾಯಕಿ, ಕೊನೆಗೆ ತಾನು. ಹನ್ನೆರಡು ವರ್ಷ ಹಿಂದಿನ ಮೂರು ಬಾಯಿಯ ಕಸುಬು ಇನ್ನೂ ಕೈಬಿಟ್ಟಿಲ್ಲ ಅಂತಾಯಿತು. ಹೊಸದರಲ್ಲಿ ನಾನು ಕಾಯುತ್ತಿರುವುದು, ತಂಗಿಯಂತೆ ಅವನಿಗೇ ಎದುರು ಮಾತಾಡುವ ಇನ್ನೊಬ್ಬರು ಬರುತ್ತಾರೆಯೇ ಎಂಬುದಕ್ಕೆ. ಇಷ್ಟು ಹೆಸರು ಮಾಡಿದ ಮೇಲೆ ಅದು ಮೊದಲಿಗಿಂತ ಕಷ್ಟ.

ಬಂದ ದಿನ ಶಫಲ್ ಆಫ್ ಮಾಡಿ, ಮೊದಲಿನಿಂದ ಕೊನೆಗೆ ಒಂದೇ ಉಸಿರಿಗೆ ಕೇಳಿ. ಬೈಗುಳ ಧಾರಾಳ ಇರುತ್ತದೆ, ಅಜ್ಜಿ ಅಜ್ಜ ಕೂತಿರುವ, ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸ್ಪೀಕರ್ ಹಚ್ಚಬೇಡಿ. ಮಳೆಗಾಲವಾದರೆ ಪೇಟೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಡೌನ್‌ಲೋಡ್ ಮಾಡಿಕೊಂಡು, ಫೋನ್ ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಿ.